ಸುಜೂದಿನ ನೆಲ: ಮದೀನಾದ ಮರಳಿನಿಂದ ನಮ್ಮ ಸೀಮೆಯ ಅಮೃತಶಿಲೆಯವರೆಗೆ

ಮಸೀದಿಗಳ ಇತಿಹಾಸವನ್ನು ಹೇಳುವಾಗ ನಾವು ಮೀನಾರ, ಗುಮ್ಮಟ, ಮಿಹ್ರಾಬ್‌ಗಳ ಬಗ್ಗೆ ಬಹಳ ಮಾತನಾಡುತ್ತೇವೆ. ದಿನಕ್ಕೆ ಐದು ಹೊತ್ತು ಹಣೆ ತಾಗುವ ನೆಲದ ಬಗ್ಗೆ ಯೋಚಿಸುವುದು ಅಪರೂಪ. ಮುಧೋಳ ತಾಲ್ಲೂಕಿನ ತಿಮ್ಮಾಪುರದ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಈಗ ಮನೆಗಳಿಗೂ ಮಸೀದಿಗಳಿಗೂ ಅಮೃತಶಿಲೆ ಬಂದಿದೆ. ಕಲ್ಲು ಬಂದಷ್ಟು ಬೇಗ ಅದನ್ನು ಕಾಯುವ ತಿಳಿವಳಿಕೆ ಬಂದಿಲ್ಲ.

ಪ್ರವಾದಿವರ್ಯರು(ಸ) ಹಿಜ್ರತ್ತಿನ ಬಳಿಕ ಮದೀನಾದಲ್ಲಿ ಕಟ್ಟಿದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಗರಿಯ ಮಾಡು ಇದ್ದವು. ನೆಲ ಬರೀ ಮಣ್ಣು. ಒಂದು ರಮಝಾನಿನ 21ನೇ ರಾತ್ರಿ ಮಳೆ ಸುರಿದು ಮಾಡು ಸೋರಿತು. ಬೆಳಗಿನ ನಮಾಝ್ ಮುಗಿದಾಗ ಪ್ರವಾದಿವರ್ಯರ(ಸ) ಹಣೆಯ ಮೇಲೆ ಕೆಸರಿನ ಗುರುತಿತ್ತೆಂದು ಅಬೂ ಸಈದ್ ಅಲ್ ಖುದ್ರಿ(ರ) ವರದಿ ಮಾಡಿದ್ದಾರೆ. ಇನ್ನೊಮ್ಮೆ ಹಳ್ಳಿಗನೊಬ್ಬ ಮಸೀದಿಯೊಳಗೇ ಮೂತ್ರ ಮಾಡಿದ. ಸಹಾಬಿಗಳು ಅವನನ್ನು ಗದರಿಸಲು ಎದ್ದಾಗ ಪ್ರವಾದಿವರ್ಯರು(ಸ) ತಡೆದು, ಆ ಜಾಗಕ್ಕೆ ಒಂದು ದೊಡ್ಡ ಕೊಡ ನೀರು ಸುರಿಸಿದರು. ಮಣ್ಣಿನ ನೆಲಕ್ಕೆ ಅಷ್ಟು ಸಾಕಾಗಿತ್ತು.

ಆ ನೆಲವನ್ನು ಗುಡಿಸುತ್ತಿದ್ದವಳು ಕಪ್ಪು ವರ್ಣದ ಒಬ್ಬ ಬಡ ಹೆಂಗಸು. ಕೆಲವು ವರದಿಗಳಲ್ಲಿ ಆಕೆಯ ಹೆಸರು ಉಮ್ಮು ಮಿಹ್ಜನ್ ಎಂದಿದೆ. ಆಕೆ ತೀರಿಕೊಂಡಾಗ ಇಷ್ಟು ಸಣ್ಣ ಸಂಗತಿಗೆ ಪ್ರವಾದಿವರ್ಯರಿಗೆ(ಸ) ತೊಂದರೆ ಕೊಡುವುದೇಕೆಂದು ಜನರು ತಾವೇ ದಫನ್ ಮಾಡಿದರು. ಆಕೆ ಕಾಣಿಸದಿದ್ದಾಗ ಪ್ರವಾದಿವರ್ಯರು(ಸ) ವಿಚಾರಿಸಿದರು, ತಮಗೇಕೆ ತಿಳಿಸಲಿಲ್ಲವೆಂದು ಕೇಳಿದರು, ಗೋರಿಯ ಬಳಿಗೆ ಹೋಗಿ ನಮಾಝ್ ನಿರ್ವಹಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸನ್ನು ನಾವು ಜನಾಝದ ಅಧ್ಯಾಯದಲ್ಲಿ ಓದಿಸುತ್ತೇವೆ. ಪೊರಕೆ ಹಿಡಿದ ಕೈಯ ಸ್ಥಾನವನ್ನು ತಿಳಿಯಲೂ ಅದನ್ನು ಓದಬೇಕು.

ಖಲೀಫ ಉಮರ್(ರ) ಕಾಲದಲ್ಲಿ ಅದೇ ಮಸೀದಿಗೆ ಅಕೀಕ್ ಕಣಿವೆಯ ಹರಳುಗಲ್ಲು ಹಾಸಲಾಯಿತು. ಉಸ್ಮಾನ್(ರ) ಕೊರೆದ ಕಲ್ಲಿನ ಗೋಡೆ ಕಟ್ಟಿಸಿದರು. ಅಮೃತಶಿಲೆಯ ವೈಭವ ಬಂದದ್ದು ಉಮಯ್ಯ ಖಲೀಫ ವಲೀದನ ಕಾಲದಲ್ಲಿ, ಸುಮಾರು ಕ್ರಿ.ಶ. 707ರ ನಂತರ. ಆಗ ಕಟ್ಟಡದ ಉಸ್ತುವಾರಿ ನೋಡಿಕೊಂಡವರು ಮದೀನಾದ ರಾಜ್ಯಪಾಲರಾಗಿದ್ದ ಉಮರ್ ಬಿನ್ ಅಬ್ದುಲ್ ಅಝೀಝ್. ಮುಂದೆ ಸರಳತೆಗೆ ಹೆಸರಾದ ಖಲೀಫ ಅವರೇ.

ನಮ್ಮ ನಾಡಿಗೆ ಬಂದರೆ, ವಿಜಯಪುರದ ಜಾಮಿಯಾ ಮಸೀದಿಯ ನೆಲವನ್ನು ನೋಡಬೇಕು. 16ನೇ ಶತಮಾನದ ಉತ್ತರಾರ್ಧದಲ್ಲಿ ಒಂದನೇ ಅಲಿ ಆದಿಲ್ ಶಾಹ್ ಆರಂಭಿಸಿದ ಆ ಕಟ್ಟಡದ ನೆಲದ ಮೇಲೆ ಕಪ್ಪು ಗೆರೆಗಳಿಂದ ಮುಸಲ್ಲಾ ಗಾತ್ರದ ಸುಮಾರು 2,250 ಚೌಕಗಳನ್ನು ಗುರುತಿಸಲಾಗಿದೆ. 1686ರಲ್ಲಿ ವಿಜಯಪುರವನ್ನು ಗೆದ್ದ ಔರಂಗಝೇಬ್ ಅವನ್ನು ಮಾಡಿಸಿದನೆಂದು ಹೇಳುತ್ತಾರೆ. ಅಲ್ಲಿದ್ದ ರತ್ನಗಂಬಳಿಗಳನ್ನು ಒಯ್ದು ಬದಲಿಗೆ ಗೆರೆ ಕೊಟ್ಟನೆಂದೂ ಜನ ಆಡಿಕೊಳ್ಳುತ್ತಾರೆ. ಏನೇ ಇರಲಿ, ಸಾಲು ನೆಟ್ಟಗೆ ನಿಲ್ಲಲು ಆ ಗೆರೆಗಳಿಗಿಂತ ಒಳ್ಳೆಯ ಉಪಾಯವನ್ನು ನಾವು ಕಂಡಿಲ್ಲ.

ನಮ್ಮ ಹಿರಿಯರ ಮನೆಗಳಲ್ಲಿ ಇದ್ದದ್ದು ಸುಣ್ಣದ ಗಚ್ಚು, ಆಮೇಲೆ ಶಹಾಬಾದಿನ ಹಾಸುಗಲ್ಲು. ಈಗ ರಾಜಸ್ಥಾನದ ಅಮೃತಶಿಲೆ. ಹೆಸರು ಬೇರೆಯಾದರೂ ಇವು ಒಂದೇ ಕುಲದವು. ಶಹಾಬಾದಿನ ಕಲ್ಲು, ಲೋಕಾಪುರದ ಸುತ್ತ ಸಿಗುವ ಸುಣ್ಣದ ಕಲ್ಲು, ಮಕ್ರಾನಾದ ಬಿಳಿ ಶಿಲೆ ಎಲ್ಲದರಲ್ಲೂ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಹುಳಿಯನ್ನು ತಾಳದು. ನಿಂಬೆರಸ, ವಿನೆಗರ್, ಪಾಯಖಾನೆ ತೊಳೆಯುವ ಆಸಿಡ್ ಯಾವುದು ಬಿದ್ದರೂ ಕಲ್ಲಿನ ಮೈ ಕರಗುತ್ತದೆ. ಇಳಕಲ್ಲಿನ ಗ್ರಾನೈಟ್ ಬೇರೆ ಜಾತಿಯದು. ಅದಕ್ಕೆ ನಡೆದದ್ದು ಇದಕ್ಕೆ ನಡೆಯದು.

ಇದು ತಿಳಿಯದೆ ನಮ್ಮ ಸೀಮೆಯ ಒಂದು ಮಸೀದಿಯಲ್ಲಿ ಏನಾಯಿತೆಂದು ನಾವು ಕಣ್ಣಾರೆ ಕಂಡೆವು. ರಮಝಾನಿಗೆ ನಾಲ್ಕು ದಿನ ಮೊದಲು ಹುರುಪಿನ ಹುಡುಗರು ಬಾಟಲಿಗಟ್ಟಲೆ ಆಸಿಡ್ ಸುರಿದರು. ಬಿಳಿ ನೊರೆ ಎದ್ದಿತು. ಕೊಳೆ ಬಿಡುತ್ತಿದೆ ಎಂದು ಎಲ್ಲರೂ ಸಂತೋಷಪಟ್ಟರು. ಆ ನೊರೆ ಕೊಳೆಯದಲ್ಲ, ಕಲ್ಲು ಕರಗುವಾಗ ಹೊರಬೀಳುವ ಅನಿಲದ್ದು. ನೆಲ ಒಣಗಿದಾಗ ಹೊಳಪು ಹೋಗಿ ಮಬ್ಬು ಮಬ್ಬಾದ ಒರಟು ಕಲೆಗಳು ಉಳಿದವು. ಬೇಡವೆಂದು ಮೊದಲೇ ಹೇಳಿದ್ದವರು ಮಸೀದಿಯ ವಯಸ್ಸಾದ ಖಾದಿಮ್ ಒಬ್ಬರೇ. ವಿಚಿತ್ರವೆಂದರೆ, ನೆಲ ಸರಿಯಾಗಿ ನೋಡಿಕೊಳ್ಳಲಿಲ್ಲವೆಂಬ ಮಾತು ಬಂದದ್ದೂ ಅವರ ಮೇಲೆಯೇ. ಪಾಲಿಶ್ ಖರ್ಚಿನ ಪಾಲನ್ನು ಅವರ ಸಂಬಳದಿಂದ ಹಿಡಿಯಬೇಕೆಂದು ಒಬ್ಬರು ಸಭೆಯಲ್ಲಿ ಹೇಳಿದಾಗ ನಾವು ಉಮ್ಮು ಮಿಹ್ಜನರ ಹದೀಸನ್ನು ನೆನಪಿಸಬೇಕಾಯಿತು. ಮಾತು ಅಲ್ಲಿಗೆ ನಿಂತಿತು.

ಅವರ ಕ್ರಮ ಸರಳವಾದದ್ದು. ಎರೆಮಣ್ಣಿನ ಜೊತೆ ಕಾಲಿಗಂಟಿ ಬರುವ ಮರಳಿನ ಕಣವೇ ಕಲ್ಲನ್ನು ಗೀರುವ ಶತ್ರು. ಆದ್ದರಿಂದ ಬಾಗಿಲಿನ ಹೊರಗೊಂದು, ಒಳಗೊಂದು ಕಾಲೊರಸು. ದಿನವೂ ಒಣ ಹತ್ತಿ ಬಟ್ಟೆಯ ಗುಡಿಸು. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿಗೆ ಹುಳಿಯೂ ಕ್ಷಾರವೂ ಇಲ್ಲದ ಸೌಮ್ಯ ಸಾಬೂನು ಸ್ವಲ್ಪ, ಆಮೇಲೆ ಬರಿನೀರು, ತಕ್ಷಣವೇ ಒಣಬಟ್ಟೆ. ಈ ಕೊನೆಯದನ್ನು ಬಿಡುವಂತಿಲ್ಲ, ಏಕೆಂದರೆ ಬೋರ್‌ವೆಲ್ಲಿನ ಗಡಸು ನೀರು ತಾನಾಗಿ ಆರಿದರೆ ಬಿಳಿ ಪೊರೆ ಕಟ್ಟುತ್ತದೆ. ಇಫ್ತಾರಿನ ಶರಬತ್ತು, ಚಹಾ ಚೆಲ್ಲಿದರೆ ಉಜ್ಜದೆ ಬಟ್ಟೆಯಿಂದ ಒತ್ತಿ ಹೀರಬೇಕು. ಪವಿತ್ರ ಕಅಬಾದ ಒಳನೆಲದ ಅಮೃತಶಿಲೆಯನ್ನೂ ಝಮ್‌ಝಮ್ ನೀರಿಗೆ ಗುಲಾಬಿ ನೀರು ಬೆರೆಸಿ ತೊಳೆಯುತ್ತಾರೆಂಬುದನ್ನು ಆಸಿಡ್ ಪ್ರಿಯರು ಗಮನಿಸಲಿ.

ಈದ್ ಕಳೆದ ಮೇಲೆ ಪಾಲಿಶ್‌ನವರು ಯಂತ್ರ ತಂದು ಮೂರು ದಿನ ಉಜ್ಜಿದರು. ಹೆಚ್ಚಿನ ಕಲೆಗಳು ಹೋದವು. ಎರಡು ಮಾತ್ರ ಉಳಿದವು. ಇನ್ನೂ ಉಜ್ಜಿದರೆ ನೆಲ ತಗ್ಗಾಗುತ್ತದೆ ಎಂದರು. ಬೇಸಿಗೆಯಲ್ಲಿ ಚಾಪೆ ತೆಗೆದಾಗ ಎರಡನೆಯ ಸಾಲಿನಲ್ಲಿ ನಿಂತವರಿಗೆ ಅವು ಸುಜೂದಿನ ಜಾಗದಲ್ಲಿಯೇ ಕಾಣಿಸುತ್ತವೆ.