ಸಾಲು ಎರಡೋ, ಮೂರೋ?

1987ರ ಕೊನೆಯಲ್ಲಿ ಕೆನಡಾದಲ್ಲಿ ಮಸೆಲ್ ತಿಂದವರು ಒಬ್ಬರ ಹಿಂದೆ ಒಬ್ಬರು ಆಸ್ಪತ್ರೆ ಸೇರತೊಡಗಿದರು. ಮಸೆಲ್ ಅಂದ್ರೆ ನಮ್ಮ ಮಂಗಳೂರು ಕಡೆಯವರು ಪಚ್ಚಿಲೆ ಅಂತಾರಲ್ಲ, ಆ ಜಾತಿಯ ಚಿಪ್ಪುಜೀವಿ. ಬರೀ ವಾಂತಿ, ಭೇದಿ ಆಗಿದ್ರೆ ಊಟದ ತಪ್ಪು ಅಂತ ಮುಗೀತಿತ್ತೇನೋ. ಆದ್ರೆ ಕೆಲವರಿಗೆ ನೆನಪೇ ಕೈಕೊಡ್ತು. ಹೊಸದಾಗಿ ಏನು ಹೇಳಿದರೂ ತಲೆಯಲ್ಲಿ ನಿಲ್ಲದು. ಕೆಲವರಿಗದು ಮತ್ತೆ ಸರಿಹೋಗಲೇ ಇಲ್ಲ. ಒಟ್ಟು 107 ಜನರಿಗೆ ಕಾಯಿಲೆ, 3 ಸಾವು.

ಮಸೆಲ್‌ಗಳು ಬಂದಿದ್ದು ಪ್ರಿನ್ಸ್ ಎಡ್ವರ್ಡ್ ದ್ವೀಪದ ಕಾರ್ಡಿಗನ್ ಕೊಲ್ಲಿ ಕಡೆಯಿಂದ. ಅದರ ಸಾರ ಚುಚ್ಚಿದ ಇಲಿಗಳು ಹಿಂಗಾಲಿಂದ ಭುಜ ಕೆರ್ಕೊಂಡು ಸತ್ತವು. ಗೊತ್ತಿದ್ದ ಯಾವ ಚಿಪ್ಪುವಿಷದ ಲಕ್ಷಣವೂ ಅದಲ್ಲ. ಲಾಗ್‌ನಲ್ಲಿ ಏನೂ ಸಿಗದ ಪ್ರೊಡಕ್ಷನ್ ಬಗ್ ಇದ್ದ ಹಾಗೆ! ಹ್ಯಾಲಿಫ್ಯಾಕ್ಸ್‌ನ ವಿಜ್ಞಾನಿಗಳು ಕೆಲವೇ ದಿನಗಳಲ್ಲಿ ವಿಷ ಹಿಡಿದರು: ಡೊಮೊಯಿಕ್ ಆಸಿಡ್. ತಮಾಷೆ ಅಂದ್ರೆ, ಜಪಾನಿನಲ್ಲಿ ಇದೇ ವಸ್ತು ಇರುವ ಕೆಂಪು ಪಾಚಿಯನ್ನು ಹೊಟ್ಟೆಹುಳಕ್ಕೆ ಔಷಧಿಯಾಗಿ ಬಳಸ್ತಿದ್ದರು. ಆದರೆ ಕಾರ್ಡಿಗನ್‌ನ ನೀರಲ್ಲಿ ಆ ಪಾಚಿ ಇರಲಿಲ್ಲ. ಅಲ್ಲಿ ತುಂಬಿ ತುಳುಕ್ತಿದ್ದದ್ದು ಒಂದು ಡಯಾಟಮ್.

ಬಿಇ ಸೇರಿ ಬಯಾಲಜಿಯಿಂದ ಪಾರಾದೆ ಅಂದ್ಕೊಂಡಿದ್ದವನು ನಾನು. ಆದರೂ ಇದನ್ನು ಹೇಳಲೇಬೇಕು. ಡಯಾಟಮ್ ಅಂದ್ರೆ ಗಾಜಿನ ಚಿಪ್ಪು ಹೊತ್ತ ಒಂಟಿಕೋಶದ ಪಾಚಿ. ಮಸೆಲ್ ನೀರು ಸೋಸಿ ತಿನ್ನೋದೇ ಇಂಥವನ್ನು. ಯಾವ ಪ್ರಭೇದ ಅಂತ ತಿಳೀಬೇಕಾದ್ರೆ ಆಸಿಡ್‌ನಲ್ಲಿ ಒಳಗಿನ ಜೀವದ್ರವ್ಯ ಸುಟ್ಟು, ಉಳಿದ ಚಿಪ್ಪಿನ ಗೆರೆ, ರಂಧ್ರ ಎಣಿಸಬೇಕು. 10 ಮೈಕ್ರೋಮೀಟರಿಗೆ ಎಷ್ಟು ಗೆರೆ, ಗೆರೆಯೊಳಗೆ ಎಷ್ಟು ಸಾಲು ರಂಧ್ರ, ಹೀಗೆ. ಕಣ್ಣು ಸೋಲುವ ಕೆಲಸ.

ಕಾರ್ಡಿಗನ್‌ನ ಜೀವಿ ಮೇಲ್ನೋಟಕ್ಕೆ ನಿಟ್ಶಿಯಾ ಪುಂಗೆನ್ಸ್. ಸೂಜಿಯಂಥ ಕೋಶಗಳು, ತುದಿಗೆ ತುದಿ ಒತ್ತಿಕೊಂಡ ಸರಪಳಿ. 19ನೇ ಶತಮಾನದಿಂದ ಹೆಸರಿದ್ದದ್ದೇ. ಆದರೆ ಡಯಾಟಮ್ ಹೀಗೆ ವಿಷ ಮಾಡಿದ್ದನ್ನು ಅಲ್ಲಿವರೆಗೆ ಯಾರೂ ಕಂಡಿರಲಿಲ್ಲ.

ಉತ್ತರದ ಅರ್ಧ ಭಾಗ ನಾರ್ವೆಯಲ್ಲಿ 22 ವರ್ಷದಿಂದ ಅಚ್ಚಾಗಿ ಕೂತಿತ್ತು. ಓಸ್ಲೋ ವಿಶ್ವವಿದ್ಯಾಲಯದ ಗ್ರೇಟೆ ರಿಟ್ಟರ್ ಹಾಸ್ಲೆ 1965ರಲ್ಲಿ ಈ ಗುಂಪನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಪ್ರಕಟಿಸಿದ್ದರು. ಪುಂಗೆನ್ಸ್ ಅನ್ನೋದರಲ್ಲೇ ಎರಡು ಬಗೆ: ಒಂದರಲ್ಲಿ ರಂಧ್ರದ ಸಾಲು ಎರಡು, ಇನ್ನೊಂದರಲ್ಲಿ ಮೂರು ಇಲ್ಲಾ ಹೆಚ್ಚು. ಎರಡನೆಯದಕ್ಕೆ ಮಲ್ಟಿಸೀರೀಸ್ ಅಂತ ಹೆಸರಿಟ್ಟರು. ಸಾಮಾನ್ಯ ಮೈಕ್ರೋಸ್ಕೋಪಿಗೆ ಎರಡೂ ಒಂದೇ ಥರ. ಯಾರಿಗೆ ಬೇಕಿತ್ತು ಆಗ ಈ ಲೆಕ್ಕ? ಇವತ್ತಾಗಿದ್ರೆ ನಮ್ಮ ಕಡೆ ಯಾವ ಮ್ಯಾನೇಜರೂ ಇದಕ್ಕೆ ಒಪ್ಪಿಗೆ ಕೊಡ್ತಿರಲಿಲ್ಲ.

ಕಾರ್ಡಿಗನ್‌ನಲ್ಲಿ ಸಿಕ್ಕಿದ್ದು ಮಲ್ಟಿಸೀರೀಸ್. ಪ್ರಯೋಗಾಲಯದಲ್ಲಿ ಬೆಳೆಸಿದಾಗಲೂ ವಿಷ ಬಂತು. ಆ ಭಾಗದ ಎರಡು ಸಾಲಿನ ಪುಂಗೆನ್ಸ್ ಬೆಳೆಸಿದಾಗ ಸಿಗಲಿಲ್ಲ. ಅಲ್ಲಿಂದಾಚೆ ಕೆನಡಾದಲ್ಲಿ ಮಸೆಲ್‌ಗೆ ಮಿತಿ ಬಂತು: ಗ್ರಾಮಿಗೆ 20 ಮೈಕ್ರೋಗ್ರಾಂ ಡೊಮೊಯಿಕ್ ಆಸಿಡ್ ದಾಟಿದರೆ ಮಾರಾಟವಿಲ್ಲ. 1991ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಪೆಲಿಕನ್‌ಗಳು ಸತ್ತಾಗ, ಇದೇ ಗುಂಪಿನ ಇನ್ನೊಂದು ಪ್ರಭೇದ ಸಿಕ್ಕಿಬಿತ್ತು.

ಹಾಸ್ಲೆ ಸುಮ್ಮನೆ ಕೂರಲಿಲ್ಲ. ಈ ಗುಂಪನ್ನು ನಿಟ್ಶಿಯಾದಿಂದ ಬಿಡಿಸಿ ಸ್ಯೂಡೋ-ನಿಟ್ಶಿಯಾ ಅಂತ ಬೇರೆ ಮಾಡಿದರು. 1995ರಲ್ಲಿ ಮಲ್ಟಿಸೀರೀಸನ್ನು ಸ್ವತಂತ್ರ ಪ್ರಭೇದ ಅಂತ ಸ್ಥಾಪಿಸಿದರು. ಆಗ ಅವರಿಗೆ 75 ವರ್ಷ.