ಹಳೆಯ ಮನೆಯನ್ನು ವ್ಯಾಪಾರ ಸಂಸ್ಥೆಯ ಹೆಸರಿಗೆ ಮಾಡಿದರೆ ತೆರಿಗೆ ಎಷ್ಟು?

ಪೇಟೆಯೊಳಗಿನ ಹಳೆಯ ಮನೆ ಬಿಟ್ಟು ಕುಟುಂಬ ಹೊಸ ಬಡಾವಣೆಗೆ ಹೋದ ಮೇಲೆ, ಖಾಲಿ ಮನೆಯನ್ನು ಗೋದಾಮು ಅಥವಾ ಆಫೀಸು ಮಾಡಿಕೊಳ್ಳುವುದು ವ್ಯಾಪಾರಸ್ಥ ಕುಟುಂಬಗಳಲ್ಲಿ ಸಾಮಾನ್ಯ. ಮುಂದಿನ ಹೆಜ್ಜೆಯಾಗಿ ಮನೆಯನ್ನು ಫರ್ಮಿನ ಲೆಕ್ಕಕ್ಕೆ ತರುತ್ತಾರೆ. ಮನೆಯೂ ನಮ್ಮದೇ, ಫರ್ಮೂ ನಮ್ಮದೇ, ಹಣ ಕೈ ಬದಲಾಗಿಲ್ಲ, ತೆರಿಗೆ ಎಲ್ಲಿಂದ ಬಂತು ಎಂಬುದು ಎಲ್ಲರ ಪ್ರಶ್ನೆ. ಕಾನೂನು ಹಾಗೆ ನೋಡುವುದಿಲ್ಲ.

ಒಬ್ಬರೇ ಮಾಲೀಕರಾಗಿರುವ ಸ್ವಂತ ವ್ಯಾಪಾರದಲ್ಲಿ ತೊಡಕು ಕಡಿಮೆ. ಮನೆಯ ಮಾಲೀಕರೂ ವ್ಯಾಪಾರದ ಮಾಲೀಕರೂ ಒಬ್ಬರೇ ಆದ್ದರಿಂದ ಅಲ್ಲಿ ವರ್ಗಾವಣೆಯೇ ಇಲ್ಲ. ಆದರೆ ಮನೆ ಕೆಡವಿ ಫ್ಲಾಟ್ ಕಟ್ಟಿ ಮಾರಲು ಅದನ್ನು ಸರಕಾಗಿ ಮಾಡಿಕೊಂಡರೆ, ಆ ದಿನದ ಮಾರುಕಟ್ಟೆ ಬೆಲೆಯ ಮೇಲೆ ಬಂಡವಾಳ ಲಾಭ ಲೆಕ್ಕವಾಗಿ, ಮಾರಿದ ವರ್ಷ ತೆರಿಗೆ ಬೀಳುತ್ತದೆ.

ಪಾಲುದಾರಿಕೆ ಫರ್ಮ್ ಅಥವಾ ಎಲ್‌ಎಲ್‌ಪಿಯ ವಿಚಾರವೇ ಬೇರೆ. ಪಾಲುದಾರ ತನ್ನ ಆಸ್ತಿಯನ್ನು ಬಂಡವಾಳವಾಗಿ ಹಾಕುವುದು ವರ್ಗಾವಣೆಯೇ, ಆದರೆ ಅದಕ್ಕೆ ಸಿಕ್ಕ ಬೆಲೆ ಇಷ್ಟೇ ಎಂದು ಹೇಳಲಾಗದು ಎಂದು ಸುಪ್ರೀಂ ಕೋರ್ಟ್ ಸುನೀಲ್ ಸಿದ್ಧಾರ್ಥಭಾಯಿ ಪ್ರಕರಣದಲ್ಲಿ 1985ರಲ್ಲಿ ಹೇಳಿತ್ತು. ಆ ದಾರಿ ಮುಚ್ಚಲೆಂದೇ 1987ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೆಕ್ಷನ್ 45(3) ಸೇರಿತು. ಫರ್ಮಿನ ಪುಸ್ತಕದಲ್ಲಿ ಪಾಲುದಾರನ ಖಾತೆಗೆ ಎಷ್ಟು ಜಮಾ ಬರೆಯುತ್ತಾರೋ ಅದೇ ಮಾರಾಟದ ಬೆಲೆ. ತೆರಿಗೆ ಪಾಲುದಾರನದು, ಅದೂ ಅದೇ ವರ್ಷ.

ಒಂದು ಲೆಕ್ಕ ನೋಡಿ. 1996ರಲ್ಲಿ ಕೊಂಡ ಮನೆ. 1-4-2001ರ ಮೌಲ್ಯ 8 ಲಕ್ಷ. 2025-26ರಲ್ಲಿ ಅದನ್ನು ಫರ್ಮಿಗೆ 90 ಲಕ್ಷಕ್ಕೆ ಜಮಾ ಮಾಡಿದ್ದಾರೆ. ಹಣದುಬ್ಬರದ ಸೂಚ್ಯಂಕವಿಲ್ಲದೆ ಲಾಭ 82 ಲಕ್ಷ, ಶೇ. 12.5ರಂತೆ ತೆರಿಗೆ 10.25 ಲಕ್ಷ. ಸೂಚ್ಯಂಕ 376 ಹಿಡಿದರೆ ಕೊಂಡ ಬೆಲೆ 30.08 ಲಕ್ಷವಾಗಿ, ಶೇ. 20ರಂತೆ ತೆರಿಗೆ ಸುಮಾರು 11.98 ಲಕ್ಷ. 23-7-2024ಕ್ಕೆ ಮೊದಲು ಕೊಂಡ ಆಸ್ತಿಗೆ ವ್ಯಕ್ತಿಗಳೂ ಅವಿಭಕ್ತ ಕುಟುಂಬಗಳೂ ಇವೆರಡರಲ್ಲಿ ಕಡಿಮೆಯದನ್ನು ಕಟ್ಟಬಹುದು. ಸರ್‌ಚಾರ್ಜ್, ಸೆಸ್ ಬೇರೆ. ಒಂದು ರೂಪಾಯಿಯೂ ಕೈಗೆ ಬಾರದೆ ಹತ್ತು ಲಕ್ಷಕ್ಕಿಂತ ಹೆಚ್ಚು ಕಟ್ಟಬೇಕು ಎಂಬುದೇ ಇಲ್ಲಿನ ಪೆಟ್ಟು.

ಹಾಗಾದರೆ ಕಡಿಮೆ ಜಮಾ ಬರೆದರಾಯಿತು ಎನ್ನುವ ಸಲಹೆಯೂ ಕೇಳಿಬರುತ್ತದೆ. ಅದು ಜಾಣತನವಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಗಿಂತ ತೀರಾ ಕಡಿಮೆ ತೋರಿಸಿದ ಪ್ರಕರಣಗಳು ನ್ಯಾಯಮಂಡಳಿಯವರೆಗೆ ಹೋಗಿವೆ. ಜೊತೆಗೆ ಫರ್ಮ್ ಮುಂದೆ ಮಾರುವಾಗ ಲಾಭ ಅಷ್ಟೇ ಹೆಚ್ಚಾಗಿ ಕಾಣುತ್ತದೆ.

ಇನ್ನೊಂದು ನಷ್ಟವನ್ನು ಅನೇಕರು ಗಮನಿಸುವುದೇ ಇಲ್ಲ. ಮನೆ ಮಾರಿ ಬೇರೆ ಮನೆ ಕೊಂಡರೆ ಸಿಗುವ ಸೆಕ್ಷನ್ 54ರ ವಿನಾಯಿತಿ ವ್ಯಕ್ತಿಗಳಿಗೂ ಅವಿಭಕ್ತ ಕುಟುಂಬಗಳಿಗೂ ಮಾತ್ರ. ಫರ್ಮಿನ ಹೆಸರಿಗೆ ಹೋದ ಮೇಲೆ ಆ ಬಾಗಿಲು ಮುಚ್ಚಿತು. ಫರ್ಮ್ ಕಟ್ಟಡದ ಮೇಲೆ ಸವಕಳಿ ಪಡೆದಿದ್ದರೆ, ಕಟ್ಟಡದ ಲಾಭವನ್ನು ಎಷ್ಟು ವರ್ಷವಾಗಿದ್ದರೂ ಅಲ್ಪಾವಧಿ ಲಾಭವೆಂದೇ ಎಣಿಸಿ ಶೇ. 30ರ ದರ ಹಾಕುತ್ತಾರೆ. ಮುಂದೆ ಮಕ್ಕಳು ಬೇರೆಯಾಗುವಾಗ ಮನೆಯನ್ನು ಫರ್ಮಿನಿಂದ ವಾಪಸು ಪಡೆದರೆ, 2021ರಲ್ಲಿ ಬಂದ ಸೆಕ್ಷನ್ 9ಬಿ ಪ್ರಕಾರ ಆ ದಿನದ ಮಾರುಕಟ್ಟೆ ಬೆಲೆಯ ಮೇಲೆ ಫರ್ಮಿಗೆ ಮತ್ತೆ ತೆರಿಗೆ. ಹೋಗುವಾಗಲೂ ಸುಂಕ, ಬರುವಾಗಲೂ ಸುಂಕ.

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಷೇರಿನ ಬದಲಿಗೆ ಕೊಟ್ಟರೂ ಅದು ವರ್ಗಾವಣೆಯೇ. ಮಾರ್ಗಸೂಚಿ ಬೆಲೆ ತೋರಿಸಿದ ಬೆಲೆಯ ಶೇ. 110ನ್ನು ಮೀರಿದರೆ ಮಾರ್ಗಸೂಚಿ ಬೆಲೆಯನ್ನೇ ಹಿಡಿಯುತ್ತಾರೆ. ಇಡೀ ಸ್ವಂತ ವ್ಯಾಪಾರವನ್ನೇ ಕಂಪನಿ ಮಾಡುವವರಿಗೆ ಷರತ್ತಿನ ವಿನಾಯಿತಿಯುಂಟು, ಆದರೆ ಮನೆ ಆ ವ್ಯಾಪಾರದ ಆಸ್ತಿಯಾಗಿ ಲೆಕ್ಕದಲ್ಲಿ ಇಲ್ಲದಿದ್ದರೆ ಅದು ಉಪಯೋಗಕ್ಕೆ ಬಾರದು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುವುದರಿಂದ, ಮನೆ ಅವಿಭಕ್ತ ಕುಟುಂಬದ್ದೋ ಒಬ್ಬರ ಸ್ವಯಾರ್ಜಿತವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಕುಟುಂಬದ ಆಸ್ತಿಯಾದರೆ 2005ರ ತಿದ್ದುಪಡಿಯ ಬಳಿಕ ಹೆಣ್ಣುಮಕ್ಕಳೂ ಹುಟ್ಟಿನಿಂದ ಸಮಾನ ಹಕ್ಕುದಾರರು. ಮದುವೆಯಾಗಿ ಹೋದ ಮಗಳ ಸಹಿ ಬಿಟ್ಟು ಬರೆದ ಪತ್ರ ಮುಂದೆ ವ್ಯಾಜ್ಯಕ್ಕೆ ದಾರಿ.

ಹೆಚ್ಚಿನ ಕುಟುಂಬಗಳಿಗೆ ಮನೆಯನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡು ಫರ್ಮಿಗೆ ಬಾಡಿಗೆಗೆ ಕೊಡುವುದೇ ಲೇಸು. ಫರ್ಮಿಗೆ ಬಾಡಿಗೆ ಖರ್ಚಾಗುತ್ತದೆ. ಮಾಲೀಕರಿಗೆ ಬಾಡಿಗೆ ಆದಾಯದಲ್ಲಿ ಶೇ. 30ರ ಕಡಿತ ಸಿಗುತ್ತದೆ. ಬಾಡಿಗೆ ತಿಂಗಳಿಗೆ 50,000 ರೂ. ಮೀರಿದರೆ ಫರ್ಮ್ ಶೇ. 10ರಂತೆ ಟಿಡಿಎಸ್ ಹಿಡಿಯಬೇಕು. ಜಿಎಸ್‌ಟಿ ಮತ್ತು ಮುದ್ರಾಂಕ ಶುಲ್ಕವನ್ನು ಪತ್ರ ಬರೆಯುವ ಮುನ್ನವೇ ಕೇಳಿಕೊಳ್ಳಬೇಕು. ಇಲ್ಲಿನ ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 1-4-2026ರಿಂದ ಜಾರಿಯ 2025ರ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬದಲಾಗಿರುವುದರಿಂದ, ಲೆಕ್ಕಪರಿಶೋಧಕರ ಬಳಿ ಹೋಗುವಾಗ ಕ್ರಯಪತ್ರ, 2001ರ ಮೌಲ್ಯದ ವರದಿ ಮತ್ತು ಪಾಲುದಾರಿಕೆ ಪತ್ರ ಮೂರನ್ನೂ ಒಯ್ಯುವುದು ಒಳ್ಳೆಯದು.