ನಡುಮನೆಗೆ ಬಂದ ನಾಳೆ

ಸಿನೆಮಾ ನೋಡಲು ನಾವು ಮನೆ ಬಿಟ್ಟು ಹೋಗುತ್ತೇವೆ. ಟಿಕೆಟ್ಟು ಕೊಂಡು, ಕತ್ತಲೆಯಲ್ಲಿ ಗುರುತಿಲ್ಲದವರ ನಡುವೆ ಕುಳಿತು, ಹೆದರುವಷ್ಟು ಹೆದರಿ, ಹೊರಗೆ ಬಂದು ಕಾಫಿ ಕುಡಿದರೆ ಆ ಹೆದರಿಕೆ ಅಲ್ಲಿಗೆ ಮುಗಿಯುತ್ತದೆ. ಟೀವಿಯ ಸಂಗತಿ ಬೇರೆ. ನಾವು ಊಟ ಮಾಡುವ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ, ನೆಂಟರೊಡನೆ ಹರಟುವ ನಡುಮನೆಗೆ ಅದು ತಾನೇ ಬಂದು ಕುಳಿತಿರುತ್ತದೆ. ಅಲ್ಲಿ ಹುಟ್ಟಿದ ಹೆದರಿಕೆಯನ್ನು ಬಿಟ್ಟು ಹೊರಗೆ ಹೋಗುವುದಾದರೂ ಎಲ್ಲಿಗೆ? ಹೀಗಾಗಿ ಟೀವಿಯಲ್ಲಿ ಕೇಡುಗಾಲದ ಕಥೆ ಬಂದಾಗ ನೋಡುಗರು ಏನೆಂದರು ಎಂಬುದಕ್ಕೆ ಒಂದು ಪ್ರತ್ಯೇಕ ಇತಿಹಾಸವೇ ಇದೆ. ಅದರಲ್ಲಿಯೂ ಆ ಕೇಡುಗಾಲ ನಾಳೆಯೋ ನಾಡಿದ್ದೋ ಬರುವಂಥದಾಗಿ, ನಮ್ಮಂಥದೇ ಒಂದು ಸಂಸಾರದ ಅಡುಗೆಮನೆಯಲ್ಲಿ ನಡೆಯುವಂತಿದ್ದರೆ ಆ ಇತಿಹಾಸ ಇನ್ನಷ್ಟು ಕುತೂಹಲದ್ದು.

1954ರ ಡಿಸೆಂಬರ್ 12, ಭಾನುವಾರ ರಾತ್ರಿ ಬಿಬಿಸಿಯು ಜಾರ್ಜ್ ಆರ್ವೆಲ್‌ನ 'ನೈನ್ಟೀನ್ ಎಯ್ಟಿಫೋರ್' ಕಾದಂಬರಿಯ ನಾಟಕರೂಪವನ್ನು ನೇರವಾಗಿ ಪ್ರಸಾರ ಮಾಡಿತು. ರೂಪಾಂತರ ನೈಜೆಲ್ ನೀಲ್‌ನದು. ಮುಖ್ಯ ಪಾತ್ರದಲ್ಲಿ ಪೀಟರ್ ಕುಶಿಂಗ್. ನಿರ್ದೇಶಕ ರುಡಾಲ್ಫ್ ಕಾರ್ಟಿಯರ್ ವಿಯೆನ್ನಾದವನು, ಬರ್ಲಿನ್ನಿನಲ್ಲಿ ಸಿನೆಮಾ ಕೆಲಸ ಮಾಡಿಕೊಂಡಿದ್ದವನು, ಹಿಟ್ಲರ್ ಬಂದ ಮೇಲೆ ಅಲ್ಲಿಂದ ಪಾರಾಗಿ ಇಂಗ್ಲೆಂಡಿಗೆ ಬಂದವನು. ನೋಡುಗರಿಗೆ ಯಾವುದು ಮೂವತ್ತು ವರ್ಷ ಮುಂದಿನ ಕಲ್ಪನೆಯಾಗಿತ್ತೋ ಅದು ಅವನಿಗೆ ಇಪ್ಪತ್ತು ವರ್ಷ ಹಿಂದಿನ ನೆನಪಾಗಿತ್ತು. ಆಗ ಬ್ರಿಟನ್ನಿನಲ್ಲಿದ್ದುದು ಒಂದೇ ಚಾನೆಲ್ಲು. ಖಾಸಗಿ ಚಾನೆಲ್ಲು ಬಂದದ್ದು 1955ರ ಸೆಪ್ಟೆಂಬರಿನಲ್ಲಿ. ಭಾನುವಾರದ ಊಟ ಮುಗಿಸಿ ಕುಳಿತವರ ಮುಂದೆ ಇಲಿಗಳ ಪಂಜರವೂ, ತಂದೆಯನ್ನೇ ಪೊಲೀಸರಿಗೆ ಹಿಡಿದುಕೊಡುವ ಮಕ್ಕಳೂ ಬಂದು ನಿಂತರು.

ಬಿಬಿಸಿಗೆ ದೂರುಗಳ ಮಳೆಯಾಯಿತು. ನೋಡುತ್ತ ನೋಡುತ್ತಲೇ ಒಬ್ಬ ಗೃಹಿಣಿ ತೀರಿಕೊಂಡಳೆಂದು ಪತ್ರಿಕೆಯೊಂದು ಬರೆಯಿತು. ಪಾರ್ಲಿಮೆಂಟಿನಲ್ಲಿ ಕೆಲವು ಸದಸ್ಯರು ಖಂಡನೆಯ ನಿರ್ಣಯ ಮಂಡಿಸಿದರೆ ಮತ್ತೆ ಕೆಲವರು ಅದಕ್ಕೆ ಎದುರಾಗಿ ತಿದ್ದುಪಡಿ ತಂದರು. ಮುಂದಿನ ಗುರುವಾರ, ಡಿಸೆಂಬರ್ 16ರಂದು, ನಾಟಕ ಮತ್ತೊಮ್ಮೆ ಬರಬೇಕಿತ್ತು. ಆ ಕಾಲದಲ್ಲಿ ಮರುಪ್ರಸಾರವೆಂದರೆ ನಟರೆಲ್ಲ ಮತ್ತೆ ಬಂದು ಮೊದಲಿನಿಂದ ಆಡಬೇಕು. ಅದನ್ನು ನಿಲ್ಲಿಸಬೇಕೇ ಬೇಡವೇ ಎಂದು ಚರ್ಚೆ ನಡೆಯುತ್ತಿರುವಾಗ, ತಾನೂ ರಾಣಿಯೂ ನೋಡಿ ಮೆಚ್ಚಿದೆವೆಂದು ರಾಣಿಯ ಪತಿ ಫಿಲಿಪ್ ಹೇಳಿದ ಸುದ್ದಿ ಹೊರಗೆ ಬಂತು. ನಾಟಕ ಎರಡನೆಯ ಸಲವೂ ನಡೆಯಿತು, ಮೊದಲಿಗಿಂತ ಹೆಚ್ಚು ಜನ ನೋಡಿದರು. ಬೈದವರೇ ಅದಕ್ಕೆ ಡಂಗುರ ಸಾರಿದಂತಾಗಿತ್ತು.

ಆದರೆ ಆ ದೂರುಗಳ ದನಿಯನ್ನು ಗಮನಿಸಬೇಕು. ಹೀಗಾಗುವುದು ಸುಳ್ಳೆಂದು ವಾದಿಸಿದವರಿಗಿಂತ, ಇಂಥದನ್ನು ನಮ್ಮ ಮನೆಯೊಳಗೆ ತರಬೇಡಿ ಎಂದು ಕೇಳಿಕೊಂಡವರೇ ಹೆಚ್ಚು. ಕೇಡು ಬಂದರೆ ಬರಲಿ, ಮುಂಬಾಗಿಲು ತಟ್ಟಿ ಬರಲಿ, ಹೀಗೆ ಗಾಜಿನ ಪೆಟ್ಟಿಗೆಯೊಳಗಿಂದ ನುಸುಳುವುದು ಬೇಡ ಎಂಬ ಧಾಟಿ ಅದು.

ಮುಂದೆ ಈ ಮಾತನ್ನು ನೋಡುಗರ ಪರವಾಗಿ ಬಿಬಿಸಿಯೇ ಆಡಿತು. 1965ರಲ್ಲಿ ಪೀಟರ್ ವಾಟ್ಕಿನ್ಸ್ ಅಣುಯುದ್ಧ ನಡೆದರೆ ಇಂಗ್ಲೆಂಡಿನ ಜನಸಾಮಾನ್ಯರ ಗತಿ ಏನೆಂಬುದನ್ನು 'ದಿ ವಾರ್ ಗೇಮ್' ಎಂಬ ಚಿತ್ರದಲ್ಲಿ ತೋರಿಸಿದಾಗ, ಪ್ರಸಾರಕ್ಕೆ ಅದು ತೀರ ಭೀಕರವೆಂದು ತಡೆಹಿಡಿದರು. ಚಿತ್ರಮಂದಿರಗಳಲ್ಲಿ ತೆರೆಕಂಡು ಆಸ್ಕರ್ ಪ್ರಶಸ್ತಿ ಪಡೆದ ಆ ಚಿತ್ರ ಮನೆಗಳಿಗೆ ಬರಲು ಇಪ್ಪತ್ತು ವರ್ಷ ಬೇಕಾಯಿತು.

ಎಂಬತ್ತರ ದಶಕದ ಹೊತ್ತಿಗೆ ಗಾಳಿ ಬದಲಾಗಿತ್ತು. 1983ರ ನವೆಂಬರ್ 20ರಂದು ಅಮೆರಿಕದ ಎಬಿಸಿ ಸಂಸ್ಥೆ 'ದಿ ಡೇ ಆಫ್ಟರ್' ಚಿತ್ರವನ್ನು ಪ್ರಸಾರ ಮಾಡಿತು. ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರು, ಅಲ್ಲಿಯ ಡಾಕ್ಟರು, ರೈತ, ಮದುವೆಯ ಸಿದ್ಧತೆಯಲ್ಲಿರುವ ಹುಡುಗಿ. ಅವರ ಮೇಲೆ ಬಾಂಬು. ಸುಮಾರು ಹತ್ತು ಕೋಟಿ ಜನ ಅದನ್ನು ನೋಡಿದರು. ಬಾಂಬು ಬಿದ್ದ ದೃಶ್ಯದ ನಂತರ ಜಾಹೀರಾತುಗಳೇ ಇರಲಿಲ್ಲ; ಬೂದಿಯ ನಡುವೆ ಸೋಪು ಮಾರಲು ಯಾರಿಗೂ ಧೈರ್ಯ ಬಂದಿರಲಾರದು. ಚಿತ್ರ ಮುಗಿದ ಕೂಡಲೇ ಕಾರ್ಲ್ ಸಾಗನ್, ಹೆನ್ರಿ ಕಿಸಿಂಜರ್, ರಾಬರ್ಟ್ ಮ್ಯಾಕ್‌ನಮಾರಾ ಮೊದಲಾದವರನ್ನು ಕೂರಿಸಿ ಚರ್ಚೆ ನಡೆಸಿದರು. ಪ್ರಸಾರಕ್ಕೆ ಮೊದಲೇ ಚಿತ್ರ ನೋಡಿದ್ದ ಅಧ್ಯಕ್ಷ ರೇಗನ್, ಅದರಿಂದ ಮನಸ್ಸು ಕುಗ್ಗಿತೆಂದು ತಮ್ಮ ದಿನಚರಿಯಲ್ಲಿ ಬರೆದುಕೊಂಡರು.

ಮುಂದಿನ ವರ್ಷ, 1984ರ ಸೆಪ್ಟೆಂಬರ್ 23ರಂದು, ಬಿಬಿಸಿಯಲ್ಲಿ 'ಥ್ರೆಡ್ಸ್' ಬಂತು. ಬರೆದವನು ಬ್ಯಾರಿ ಹೈನ್ಸ್, ನಿರ್ದೇಶಿಸಿದವನು ಮಿಕ್ ಜಾಕ್ಸನ್, ಸ್ಥಳ ಶೆಫೀಲ್ಡ್ ನಗರ. ರೂತ್ ಮತ್ತು ಜಿಮ್ಮಿ ಎಂಬಿಬ್ಬರು ಮದುವೆಯಾಗಲಿದ್ದಾರೆ, ರೂತ್ ಬಸುರಿ, ಹೊಸ ಮನೆಯ ಗೋಡೆಗೆ ಕಾಗದ ಅಂಟಿಸುತ್ತಿದ್ದಾರೆ. ಹಿನ್ನೆಲೆಯಲ್ಲಿ ಎಲ್ಲೋ ಒಂದು ರೇಡಿಯೋ ಇರಾನಿನ ಬಿಕ್ಕಟ್ಟಿನ ವಾರ್ತೆ ಹೇಳುತ್ತಿರುತ್ತದೆ. ಅದನ್ನು ಯಾರೂ ಕೇಳುತ್ತಿಲ್ಲ. ಈ ಚಿತ್ರದ ಜೀವ ಇರುವುದು ಇಲ್ಲಿ. ನೋಡುಗ ಪಾತ್ರಗಳನ್ನು ಕಂಡು ಅಯ್ಯೋ, ಆ ವಾರ್ತೆ ಕೇಳಬಾರದೇ ಎನ್ನುತ್ತಾನೆ; ಎನ್ನುವಾಗಲೇ ತಾನೂ ದಿನವೂ ವಾರ್ತೆಯನ್ನು ಹಾಗೇ ಕೇಳುತ್ತಿರುವುದು ಹೊಳೆಯುತ್ತದೆ. ಸರಕಾರದ ಸಲಹೆಯಂತೆ ಬಾಗಿಲುಗಳನ್ನು ಕಿತ್ತು ಗೋಡೆಗೆ ಒರಗಿಸಿ ಅದರಡಿ ಅವಿತುಕೊಳ್ಳುವ ಜಿಮ್ಮಿಯ ತಂದೆತಾಯಿಯರನ್ನು ಕಂಡ ಮೇಲೆ ಆ ಸಲಹೆಯ ಕಿರುಹೊತ್ತಗೆಯನ್ನು ನಂಬುವುದು ಕಷ್ಟವಾಯಿತು. ನಾವು ಮಾಡಬೇಕಾದ್ದೇನು ಎಂಬ ಪ್ರಶ್ನೆ ಈಗ ಮುಂದೆ ಬಂದಿತ್ತು. 1985ರಲ್ಲಿ ಹಿರೋಶಿಮಾದ ನಲವತ್ತನೆಯ ವರ್ಷದ ಹೊತ್ತಿಗೆ 'ಥ್ರೆಡ್ಸ್' ಮತ್ತೆ ಬಂತು. ಅದೇ ವಾರ, ಜುಲೈ 31ರಂದು, ಬಚ್ಚಿಟ್ಟಿದ್ದ 'ದಿ ವಾರ್ ಗೇಮ್' ಸಹ ಬೆಳಕು ಕಂಡಿತು.

ಅಲ್ಲಿಂದ ಮೂವತ್ತನಾಲ್ಕು ವರ್ಷ ದಾಟಿದರೆ 'ಇಯರ್ಸ್ ಅಂಡ್ ಇಯರ್ಸ್' ಸಿಗುತ್ತದೆ. ರಸೆಲ್ ಟಿ. ಡೇವಿಸ್ ಬರೆದ ಆರು ಕಂತುಗಳ ಈ ಧಾರಾವಾಹಿ ಬಿಬಿಸಿಯಲ್ಲಿ 2019ರ ಮೇ 14ರಿಂದ ಜೂನ್ 18ರವರೆಗೆ ನಡೆಯಿತು. ನಂತರ ಅಮೆರಿಕದಲ್ಲಿ ಎಚ್‌ಬಿಒ ಅದನ್ನು ತೋರಿಸಿತು. ಮ್ಯಾಂಚೆಸ್ಟರಿನ ಲಯನ್ಸ್ ಕುಟುಂಬ: ಅಜ್ಜಿ ಮ್ಯೂರಿಯಲ್, ಮೊಮ್ಮಕ್ಕಳಾದ ಸ್ಟೀಫನ್, ಡ್ಯಾನಿಯಲ್, ಈಡಿತ್, ರೋಸಿ, ಅವರ ಗಂಡ ಹೆಂಡಿರು ಮಕ್ಕಳು. 2019ರಲ್ಲಿ ರೋಸಿಗೆ ಮಗು ಹುಟ್ಟುವಲ್ಲಿಂದ ಹಿಡಿದು ಹದಿನೈದು ವರ್ಷ ಮುಂದಕ್ಕೆ ಕಥೆ ಓಡುತ್ತದೆ. ಪಟಾಕಿ ಸಿಡಿಯುತ್ತದೆ, ಹೊಸ ವರ್ಷ ಬರುತ್ತದೆ, ಅಜ್ಜಿಯ ಹುಟ್ಟುಹಬ್ಬ ಬರುತ್ತದೆ. ಜಗತ್ತು ಪ್ರತಿಸಲವೂ ಒಂದು ಮೆಟ್ಟಲು ಕೆಳಗಿಳಿದಿರುತ್ತದೆ. ಬ್ಯಾಂಕು ಮುಳುಗಿ, ಮನೆ ಮಾರಿದ ಹಣವೆಲ್ಲ ಹೋಗಿ, ಹಣಕಾಸಿನ ಸಲಹೆಗಾರನಾಗಿದ್ದ ಸ್ಟೀಫನ್ ಸೈಕಲ್ಲಿನ ಮೇಲೆ ಪೊಟ್ಟಣ ಹಂಚುತ್ತಾನೆ. ವಿವಿಯನ್ ರೂಕ್ ಎಂಬ ಬಾಯಿಬಡುಕ ರಾಜಕಾರಣಿ ಪ್ರಧಾನಿಯಾಗುತ್ತಾಳೆ. ಈ ಪಾತ್ರ ಎಮ್ಮಾ ಥಾಮ್ಸನ್ ಅವರದು.

ನೋಡುಗರಿಗೆ ತಡೆಯಲಾರದೆ ಹೋದದ್ದು ನಾಲ್ಕನೆಯ ಕಂತು. ಡ್ಯಾನಿಯಲ್ ಯುಕ್ರೇನಿನಿಂದ ಓಡಿಬಂದ ವಿಕ್ಟರ್‌ನನ್ನು ಪ್ರೀತಿಸುತ್ತಾನೆ. ಅವನನ್ನು ಹೇಗಾದರೂ ಇಂಗ್ಲೆಂಡಿಗೆ ಕರೆತರಲು ಹೋಗಿ, ಇಬ್ಬರೂ ಗಾಳಿ ತುಂಬಿದ ದೋಣಿಯೊಂದರಲ್ಲಿ ಕಡಲುಗಾಲುವೆ ದಾಟುತ್ತಾರೆ. ವಿಕ್ಟರ್ ಬದುಕುತ್ತಾನೆ, ಡ್ಯಾನಿಯಲ್ ಸಾಯುತ್ತಾನೆ. ಪಾಸ್‌ಪೋರ್ಟು ಇದ್ದವನು, ಕೆಲಸ ಇದ್ದವನು, ಆ ದೋಣಿ ಹತ್ತುವ ಅಗತ್ಯವೇ ಇರದಿದ್ದವನು ಸತ್ತ. ಅತ್ತೆವೆಂದವರು, ನಿದ್ದೆ ಬರಲಿಲ್ಲವೆಂದವರು, ಮುಂದಿನ ಕಂತು ನೋಡಲಾರೆವೆಂದವರು ಎಷ್ಟೋ ಮಂದಿ. ಯೋಚಿಸಿದರೆ ಇದು ವಿಚಿತ್ರ. ಮೊದಲ ಕಂತಿನ ಕೊನೆಯಲ್ಲಿ ಒಂದು ದ್ವೀಪದ ಮೇಲೆ ಅಮೆರಿಕ ಅಣ್ವಸ್ತ್ರವನ್ನೇ ಹಾಕಿರುತ್ತದೆ. ಅಲ್ಲಿ ಸತ್ತವರಿಗಾಗಿ ಯಾರೂ ಇಷ್ಟು ಅತ್ತಿರಲಿಲ್ಲ. ಅದೇ ವರ್ಷಗಳಲ್ಲಿ ನಿಜವಾದ ದೋಣಿಗಳಲ್ಲಿ ನಿಜವಾದ ಜನ ಮುಳುಗುತ್ತಿದ್ದರು; ವಾರ್ತೆಯಲ್ಲಿ ಅವರದು ಅರ್ಧ ನಿಮಿಷ. ಡ್ಯಾನಿಯಲ್ ಮಾತ್ರ ನಾಲ್ಕು ವಾರ ನಮ್ಮ ನಡುಮನೆಯಲ್ಲಿ ಕುಳಿತು ಹೋದವನು. ದುಃಖ ಪರಿಚಯವನ್ನು ಕೇಳುತ್ತದೆ. ಸಂಸಾರದ ಕಥೆಯ ಶಕ್ತಿಯೂ ಅದೇ, ಮಿತಿಯೂ ಅದೇ.

ಧಾರಾವಾಹಿ ಮುಗಿದ ಮೇಲೆ ಪ್ರತಿಕ್ರಿಯೆಯ ಎರಡನೆಯ ಅಧ್ಯಾಯ ಶುರುವಾಯಿತು. 2020ರ ಮಾರ್ಚಿನಲ್ಲಿ ಕೊರೋನಾದಿಂದ ಬ್ರಿಟನ್ ಬಾಗಿಲು ಹಾಕಿಕೊಂಡಾಗ ಜನ ಅದನ್ನು ನೆನೆದರು. 2021ರ ನವೆಂಬರ್ 24ರಂದು ಅದೇ ಕಡಲುಗಾಲುವೆಯಲ್ಲಿ ದೋಣಿ ಮುಳುಗಿ ಕನಿಷ್ಠ 27 ಮಂದಿ ಸತ್ತಾಗ ನೆನೆದರು. 2022ರ ಫೆಬ್ರವರಿ 24ರಂದು ರಷ್ಯದ ಸೇನೆ ಯುಕ್ರೇನಿಗೆ ನುಗ್ಗಿದಾಗ, 2025ರ ಜನವರಿಯಲ್ಲಿ ಟ್ರಂಪ್ ಎರಡನೆಯ ಸಲ ಅಧಿಕಾರ ಹಿಡಿದಾಗ ಮತ್ತೆ ನೆನೆದರು. ಪ್ರತಿಸಲವೂ ಒಂದೇ ಉದ್ಗಾರ: ಹೇಳಿದ್ದೆಲ್ಲ ನಿಜವಾಗುತ್ತಿದೆಯಲ್ಲ!

ಈ ಉದ್ಗಾರ ನಮಗೆ ಹೊಸದಲ್ಲ. ಮೈಲಾರದ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ, 'ಸದ್ದಲೇ' ಎಂದು ಜನಸಾಗರವನ್ನು ಸುಮ್ಮನಾಗಿಸಿ, ಒಂದೇ ಒಂದು ವಾಕ್ಯದ ಕಾರ್ಣಿಕ ನುಡಿದು ಕೆಳಗೆ ಬೀಳುತ್ತಾನೆ. ಅದಕ್ಕೆ ಮಳೆಯೆಂದೋ ಬೆಳೆಯೆಂದೋ ಮಂತ್ರಿಮಂಡಲವೆಂದೋ ಅರ್ಥ ಹಚ್ಚುವ ಕೆಲಸ ಕೇಳಿದವರದು. ವರ್ಷವಿಡೀ ಅದು ನಡೆಯುತ್ತದೆ. ಕೂಡಿಬಂದದ್ದು ನೆನಪಿನಲ್ಲಿ ಉಳಿಯುತ್ತದೆ, ಕೂಡದ್ದು ಉದುರುತ್ತದೆ. ಡೇವಿಸ್ ಕಥೆಯಲ್ಲಿ ಟ್ರಂಪ್ ಗೆಲ್ಲುವುದು 2020ರಲ್ಲಿ, ಒಂದರ ಹಿಂದೆ ಒಂದು ಅವಧಿಗೆ. ಅದು ಹಾಗೆ ನಡೆಯಲಿಲ್ಲ. ದ್ವೀಪದ ಮೇಲೆ ಅಣ್ವಸ್ತ್ರ ಬೀಳಲಿಲ್ಲ. ಅವು ಲೆಕ್ಕಕ್ಕೆ ಬರಲಿಲ್ಲ.

ಅದೇ 2019ರ ಜೂನಿನಲ್ಲಿ ನಮ್ಮಲ್ಲಿಯೂ ಒಂದು ಸಂಸಾರ ಮುರಿಯುವ ಕಥೆ ಬಂದಿತ್ತು. ಪ್ರಯಾಗ್ ಅಕ್ಬರ್ ಅವರ ಕಾದಂಬರಿಯನ್ನು ಆಧರಿಸಿದ ನೆಟ್‌ಫ್ಲಿಕ್ಸಿನ 'ಲೈಲಾ'. ದೀಪಾ ಮೆಹ್ತಾ, ಶಂಕರ್ ರಾಮನ್ ಅವರೊಡನೆ ನಿರ್ದೇಶಿಸಿದವರಲ್ಲಿ 'ಲೂಸಿಯಾ' ಮಾಡಿದ ನಮ್ಮ ಪವನ್ ಕುಮಾರ್ ಸಹ ಒಬ್ಬರು. ಜಾತಿಮತಗಳಿಗೆ ಗೋಡೆ ಎದ್ದಿರುವ, ಕುಡಿಯುವ ನೀರಿಗೆ ತತ್ವಾರವಾಗಿರುವ ಮುಂದಿನ ದೇಶದಲ್ಲಿ ತಾಯಿಯೊಬ್ಬಳು ತನ್ನಿಂದ ಕಿತ್ತುಕೊಂಡ ಮಗಳನ್ನು ಹುಡುಕುತ್ತಾಳೆ. ಧರ್ಮಕ್ಕೆ ಅವಮಾನವೆಂಬ ಕೂಗು ಜಾಹೀರಾತಿನ ತುಣುಕು ಬಂದಾಗಲೇ ಎದ್ದಿತ್ತು. ಬಂದ ಮೇಲೆ, ನೋಡಿದವರೂ ನೋಡದವರೂ ಎರಡು ಪಂಗಡವಾದರು. ಅದೇ ತಿಂಗಳು ಚೆನ್ನೈಗೆ ನೀರುಣಿಸುವ ಜಲಾಶಯಗಳು ಬತ್ತಿ ಜನ ಕೊಡ ಹಿಡಿದು ಟ್ಯಾಂಕರಿನ ಮುಂದೆ ಸಾಲುಗಟ್ಟಿದ್ದರು. ಜಗಳದ ಗದ್ದಲದಲ್ಲಿ ಕಥೆಯೊಳಗಿನ ನೀರಿನ ಮಾತು ಹೆಚ್ಚು ಜನಕ್ಕೆ ಕೇಳಿಸಲಿಲ್ಲ. 1954ರ ಲಂಡನ್ನಿನ ಮಾತೇ ಮತ್ತೆ: ಇದನ್ನು ತೋರಿಸಬೇಡಿ.

ಹೀಗೆ ತೋರಿಸಬೇಡಿ, ಏನು ಮಾಡೋಣ, ಹೇಗೆ ಗೊತ್ತಾಯಿತು ಎಂಬ ಮೂರು ಮಾತುಗಳು ಈ ಇತಿಹಾಸದಲ್ಲಿ ಸುತ್ತುತ್ತಿವೆ. ಮೂರರಲ್ಲಿ ಕೊನೆಯದೇ ಅತ್ಯಂತ ನಿರಪಾಯಕಾರಿಯಾಗಿ ಕಾಣುತ್ತದೆ. ನನ್ನ ಅನುಮಾನವಿರುವುದೂ ಅದರ ಮೇಲೆಯೇ. ಮೊದಲನೆಯವನು ಕಥೆಯೊಡನೆ ಜಗಳವಾಡುತ್ತಾನೆ, ಎರಡನೆಯವನು ಲೋಕದೊಡನೆ. ಮೂರನೆಯವನು ಜಗಳವಾಡುವುದನ್ನೇ ಬಿಟ್ಟು ಪಟ್ಟಿ ಹಿಡಿದು ಗುರುತು ಹಾಕುತ್ತ ಕುಳಿತಿರುತ್ತಾನೆ. 'ಇಯರ್ಸ್ ಅಂಡ್ ಇಯರ್ಸ್'ನ ಲಯನ್ಸ್ ಮನೆಯವರು ಮಾಡುವುದೂ ಅದನ್ನೇ. ರೂಕ್ ಮೊದಲ ಸಲ ಅವರ ಬದುಕಿನೊಳಗೆ ಬರುವುದು ಟೀವಿಯಲ್ಲಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ತಂತಮ್ಮ ಮನೆಯಲ್ಲಿ ಕುಳಿತು ಅವಳನ್ನು ನೋಡುತ್ತಾರೆ, ನಗುತ್ತಾರೆ, ಫೋನಿನಲ್ಲಿ ಟೀಕೆ ಮಾಡುತ್ತಾರೆ. ಹದಿನೈದು ವರ್ಷವೂ ಅವರು ಒಳ್ಳೆಯ ಪ್ರೇಕ್ಷಕರೇ. ಕೊನೆಯ ಕಂತಿನಲ್ಲಿ ಅಜ್ಜಿ ಮ್ಯೂರಿಯಲ್ ಊಟದ ಮೇಜಿನಲ್ಲಿ ಇದನ್ನೇ ಎತ್ತಿ ಆಡುತ್ತಾಳೆ. ಒಂದು ಪೌಂಡಿಗೆ ಅಂಗಿ ಸಿಕ್ಕಾಗ ಖುಷಿಪಟ್ಟು ಕೊಂಡೆವು, ಹೊಲಿದವನಿಗೆ ಎಷ್ಟು ಸಿಕ್ಕಿತೆಂದು ಕೇಳಲಿಲ್ಲ. ಅಂಗಡಿಯಲ್ಲಿ ಲೆಕ್ಕ ಮಾಡುವ ಹೆಂಗಸಿನ ಬದಲು ಯಂತ್ರ ಬಂದಾಗ ಸುಮ್ಮನಿದ್ದೆವು. ಈ ಲೋಕವನ್ನು ಕಟ್ಟಿದವರು ನಾವೇ ಎಂಬುದು ಅವಳ ಮಾತಿನ ಸಾರ. ಹಲವರಿಗೆ ಈ ಮಾತು ಉಪದೇಶದಂತೆ ಕಂಡಿತು, ಹಲವರಿಗೆ ಇಡೀ ಧಾರಾವಾಹಿಯ ತಿರುಳಾಗಿ ಕಂಡಿತು. ಊಟದ ಮೇಜಿನಲ್ಲಿ ಅಜ್ಜಿಯರು ಆಡುವ ಮಾತು ಎಲ್ಲ ದೇಶದಲ್ಲಿಯೂ ಉಪದೇಶವೇ. ಅಷ್ಟರಿಂದ ಅದು ಸುಳ್ಳಾಗುವುದಿಲ್ಲ.

ಊರಿಗೆ ಬಂದವಳು ನೀರಿಗೆ ಬಾರಳೇ ಎಂದು ನಮ್ಮಲ್ಲಿ ಗಾದೆಯಿದೆ. ಕೇಡುಗಾಲದ ಕಥೆಗಳ ಲೆಕ್ಕ ಇದಕ್ಕೆ ತಿರುಗುಮುರುಗು. ಊರಿಗೆ ಬಂದವಳನ್ನು ಮೊದಲೇ ಗುರುತಿಸಿ, ಬಾವಿಯ ತನಕ ಬಾರದಂತೆ ನೋಡಿಕೊಳ್ಳಿ ಎಂದು ಅವು ಕೂಗುತ್ತವೆ. ಭವಿಷ್ಯ ಹೇಳುವವನಿಗೆ ತನ್ನ ಮಾತು ನಿಜವಾಗಲೆಂಬ ಆಸೆ. ಇಂಥ ಕಥೆ ಬರೆಯುವವನಿಗೆ ಸುಳ್ಳಾಗಲೆಂಬ ಆಸೆ. 2024ರ ಅಕ್ಟೋಬರಿನಲ್ಲಿ, ನಲವತ್ತು ವರ್ಷವಾದ ನೆನಪಿಗೆ, ಬಿಬಿಸಿ 'ಥ್ರೆಡ್ಸ್' ಅನ್ನು ಮತ್ತೊಮ್ಮೆ ತೋರಿಸಿತು. ಶೆಫೀಲ್ಡ್ ನಗರ ಇದ್ದಲ್ಲೇ ಇದೆ. ಅಂದು ತೆರೆಯ ಮೇಲೆ ಬೂದಿಯಾದ ಬೀದಿಗಳಲ್ಲಿ ಜನ ಇಂದಿಗೂ ಸಂತೆ ಮಾಡುತ್ತಾರೆ. 1987ರ ಡಿಸೆಂಬರಿನಲ್ಲಿ ರೇಗನ್ ಮತ್ತು ಗೊರ್ಬಚೆವ್ ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕಿದ್ದು ಒಂದೆರಡು ಟೀವಿ ಚಿತ್ರಗಳಿಂದ ಎಂದರೆ ಅತಿಯಾದೀತು. ಆದರೆ ಆ ವರ್ಷಗಳಲ್ಲಿ ಬೀದಿಗಿಳಿದು ಬಾಂಬು ಬೇಡವೆಂದವರಲ್ಲಿ ಈ ಚಿತ್ರಗಳನ್ನು ನೋಡಿ ರಾತ್ರಿ ನಿದ್ದೆ ಕೆಟ್ಟವರೂ ಇದ್ದರು. ನಿಜವಾಗದೆ ಹೋದ ಆ ಕಥೆಯ ಬಗ್ಗೆ, ಹೇಳಿದ್ದು ಆಗಲಿಲ್ಲವಲ್ಲ ಎಂದು ಯಾರೂ ಉದ್ಗಾರ ತೆಗೆಯುವುದಿಲ್ಲ. ತೆಗೆಯಬೇಕಾದ ಉದ್ಗಾರ ಮಾತ್ರ ಅದೇ.